ನೀರು ಕಂಡ ಕೋಟು

ಒಬ್ಬ ಅರಸ, ಅವನಿಗೊಂದು ನಿಲುವಂಗಿ. ಬಟ್ಟೆ ಒಗೆಯುವ ಮುದುಕಿಯನ್ನು ಕರೆದು ಅರಸ ಹೇಳಿದನಂತೆ: "ಅರಮನೆಯ ಬಟ್ಟೆಯನ್ನೆಲ್ಲ ನಿನ್ನ ಹೊಳೆಗೆ ಒಯ್ಯಿ. ಈ ನಿಲುವಂಗಿಗೆ ಮಾತ್ರ ನೀರು ತೋರಿಸಬೇಡ."

ಅಷ್ಟು ಹೇಳಿ ಅಜ್ಜಿ ನನ್ನ ಹೊದಿಕೆ ಸರಿಮಾಡುತ್ತಿದ್ದಳು.

"ಯಾಕಜ್ಜಿ? ತೋರಿಸಿದ್ರೆ ಏನಾಗುತ್ತೆ?"

"ನನಗೇನು ಗೊತ್ತು? 'ಮಾತ್ರ' ಅಂದ್ಬಿಟ್ಟನಲ್ಲ ಪುಣ್ಯಾತ್ಮ. ಇನ್ನು ಕಥೆ ತಾನಾಗೇ ಎದ್ದು ನಡೆಯುತ್ತೆ. ನೀನು ಮಲಗು."

ಕಥೆ ನಡೆದು ಎಲ್ಲಿಗೆ ಮುಟ್ಟಿತೋ ನನಗೆ ತಿಳಿಯದು. ಪ್ರತಿ ಸಲವೂ ಅದಕ್ಕಿಂತ ಮೊದಲು ನಾನು ನಿದ್ದೆಯ ಊರು ಮುಟ್ಟಿರುತ್ತಿದ್ದೆ. ಹೊಳೆಯ ಕಲ್ಲಿನ ಮೇಲೆ ನಿಲುವಂಗಿ ಹರಡಿಕೊಂಡು ಕೂತ ಆ ಮುದುಕಿಯ ಬೆನ್ನು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

"ಏಳು ಸಮುದ್ರ ದಾಟಿ ಆಯ್ತೇನೇ? ಆಗಿದ್ರೆ ಈಚೆ ಬಾ. ಈ ತೋಳು ಹಿಡ್ಕೋ."

ಅತ್ತೆಯ ದನಿ. ಹೊಳೆ ಹೋಯಿತು, ಲಾಂಡ್ರಿಯ ಕೌಂಟರ್ ಬಂತು. ಅದರ ಮೇಲೆ ಕಪ್ಪು ಉಣ್ಣೆಯ ಕೋಟೊಂದು ಮಕಾಡೆ ಮಲಗಿತ್ತು.

ಅತ್ತೆ ಅಂದರೆ ನನ್ನ ಅಪ್ಪನ ಅಕ್ಕ. ವಿಮಾ ಕಂಪನಿಯಲ್ಲಿ ಸುಟ್ಟ ಗೋದಾಮು, ಮುಳುಗಿದ ದೋಣಿ, ಕಾಲು ಮುರಿದ ಗಿರಾಕಿಗಳ ನಿಜ ಸುಳ್ಳು ಸೋಸುತ್ತಲೇ ತಲೆ ಹಣ್ಣು ಮಾಡಿಕೊಂಡವಳು. ಕೆಲಸದಿಂದ ನಿವೃತ್ತಿಯಾಗಿದೆ, ಮೂಗಿಗೆ ಆಗಿಲ್ಲ.

ಪಿಟೀಲು ಮೇಷ್ಟ್ರು ಕಾಣೆಯಾಗಿ ವಾರ ಕಳೆದಿತ್ತು. ನಿನ್ನೆ ಇದೇ ಅಂಗಡಿಯ ಒಳಗಿನ ಕೊಂಡಿಯಲ್ಲಿ ಈ ಕೋಟು ನೇತಾಡುತ್ತಿದ್ದುದನ್ನು ಕಂಡ ಅಂಗಡಿ ಯಜಮಾನರು ಗಾಬರಿಬಿದ್ದು ಮೇಷ್ಟ್ರ ಮಗಳಿಗೆ ಫೋನು ಮಾಡಿದ್ದರು; ಅವಳು ಅತ್ತೆಯನ್ನು ಹುಡುಕಿಕೊಂಡು ಬಂದಿದ್ದಳು. ಆ ಹುಡುಗಿ ಈಗ ಬೆಂಚಿನ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಓಡುವವಳಂತೆ ಕೂತಿದ್ದಳು. ತಾಯಿ ಇಲ್ಲದ ಮನೆ. ಅವಳಿಗೆ ಅಪ್ಪನೊಬ್ಬನೇ, ಅಪ್ಪನಿಗೆ ಅವಳೊಬ್ಬಳೇ.

"ಅಪ್ಪನ ಕೋಟು ಹೀಗಿರಲಿಲ್ಲ. ಮೆತ್ತಗಿತ್ತು. ಇದು ಕಂಬಳಿ ಥರ ಆಗಿದೆ."

"ಕುಗ್ಗಿದೆ ತಾಯಿ. ಉಣ್ಣೆಗೆ ನೀರು ತಾಗಿದ್ರೆ ಹೀಗೇ," ಎಂದರು ಯಜಮಾನರು. ತೆಳ್ಳಗಿನ ಮನುಷ್ಯ, ಕಿವಿಯ ಮೇಲೊಂದು ಪೆನ್ಸಿಲು, ಬಾಯಿಗೆ ಬಿಡುವಿಲ್ಲ. "ಇಲ್ಲಿ ನೋಡಿ ಮೇಡಂ, ಕಾಲರಿನ ಒಳಗೆ ದೊಡ್ಡದಾಗಿ ಹೊಲಿದಿದ್ದಾರೆ. ಡ್ರೈ ಕ್ಲೀನ್ ಓನ್ಲಿ. ಇಸ್ತ್ರಿ ಅಕ್ಕನಿಗೆ ಇಂಗ್ಲಿಷ್ ಬರಲ್ಲ. ಓದೋಕಾಗದೆ ನೀರಿಗೆ ಹಾಕ್ಬಿಟ್ಟೆ ಅಂತ ಅವಳೇ ಒಪ್ಕೊಂಡ್ಲು. ಇಷ್ಟು ವರ್ಷ ಒಂದು ಗುಂಡಿ ಕಳೆದವಳಲ್ಲ! ನಾಳೆಯಿಂದ ಬರಬೇಡ ಅಂದಿದೀನಿ. ಮರ್ಯಾದೆ ಪ್ರಶ್ನೆ ನೋಡಿ."

ಅತ್ತೆ ಕಾಲರನ್ನು ಮಗುಚಿ ಆ ಪದದ ಮೇಲೆ ಬೆರಳಾಡಿಸಿದಳು.

"ಇಂಗ್ಲಿಷಿನಲ್ಲಿ ನನ್ನ ಹೊಟ್ಟೆ ಹೊರೆದ ಪದ ಇದೊಂದೇ ಕಣೇ. ಓನ್ಲಿ. ಬೆಂಕಿಗೆ ಓನ್ಲಿ, ಕಳ್ಳತನಕ್ಕೆ ಓನ್ಲಿ, ಹಗಲಲ್ಲಾದ ಅಪಘಾತಕ್ಕೆ ಓನ್ಲಿ. ವಿಮೆ ಪತ್ರದಲ್ಲಿ ಆ ಪದ ಎಲ್ಲಿದೆಯೋ ಅದರ ಆಚೆ ಕಡೆ ಯಾರೋ ಒಬ್ಬರು ಅಳ್ತಾ ಕೂತಿರೋರು. ನಾನು ಆಚೆ ಕಡೆ ಹೋಗಿ ನೋಡ್ತಿದ್ದೆ, ಅಷ್ಟೇ ನನ್ನ ವಿದ್ಯೆ." ಆಮೇಲೆ ಯಜಮಾನರ ಕಡೆ ತಿರುಗಿ, "ಅಕ್ಕ ಇದನ್ನ ಒಗೆಯುವಾಗ ನೀವೆಲ್ಲಿದ್ರಿ?"

"ನಾನು ಇಲ್ಲೇ ಓನ್ಲಿ ಇದ್ದೆ ಮೇಡಂ."

"ಇಲ್ಲೇ ಅಂದ ಮೇಲೆ ಓನ್ಲಿ ಯಾಕೆ? ಉಪ್ಪಿಗೆ ಉಪ್ಪು ಹಾಕಿದ ಹಾಗೆ."

"ಒತ್ತಿ ಹೇಳಿದೆ ಮೇಡಂ."

"ಒತ್ತೋದು ಇಸ್ತ್ರಿ ಅಕ್ಕನ ಕೆಲಸ, ನೀವು ಬರೀ ಹೇಳಿ ಸಾಕು. ನಿಮ್ಮಲ್ಲಿ ನೀರಿನ ಒಗೆತ ಹೇಗೆ?"

"ಹಿಂದುಗಡೆ ದೊಡ್ಡ ಡ್ರಮ್ಮಿದೆ. ಹೋಟೆಲ್ಲಿನ ಹಾಸು ಹೊದಿಕೆಗೆ. ಬಾಯ್ಲರ್ ನೀರು, ಕೈ ಇಟ್ರೆ ಬೊಬ್ಬೆ ಏಳಬೇಕು."

"ಈ ಕಪ್ಪು ಬಣ್ಣ ಅದರೊಳಗೆ ಬಿದ್ರೆ?"

"ಅಯ್ಯೋ, ಬಿಟ್ಕೊಳ್ಳುತ್ತೆ. ಒಳಗಿನ ಬಿಳಿ ಅಸ್ತರಿ ಮಸಿ ಬಟ್ಟೆ ಆಗುತ್ತೆ."

ಅತ್ತೆ ಕೋಟನ್ನು ಒಳಮೈ ಮಾಡಿ ಹರಡಿದಳು. ಅಸ್ತರಿ ಸುಕ್ಕುಸುಕ್ಕಾಗಿ ಜಗ್ಗಿತ್ತು. ಆದರೆ ಬಣ್ಣ ಹಾಲಿನ ಹಾಗೆ ಬೆಳ್ಳಗೇ ಇತ್ತು.

ಯಜಮಾನರು ಬಾಗಿ ಅಸ್ತರಿ ಮುಟ್ಟಿ ನೋಡಿದರು. "ತಣ್ಣೀರು," ಎಂದರು ತಮಗೆ ತಾವೇ. "ತಣ್ಣೀರಲ್ಲಿ, ಕೈಯಲ್ಲಿ ಒಗೆದಿದ್ದು."

"ಈ ಬಲಗೈ ಮುಂಗೈ ಅಂಚು ಮುಟ್ಟಿ. ಬೇರೆ ಕಡೆಗಿಂತ ಬಿರುಸಾಗಿದೆ ಅಲ್ವಾ? ಇಲ್ಲಿ ಹಿಡಿದು ಉಜ್ಜಿದಾರೆ. ಈಗ ಹೇಳಿ, ನಿಮ್ಮ ಡ್ರೈ ಕ್ಲೀನ್ ಯಂತ್ರದ ಎಣ್ಣೆಗೆ ಹೋಗದ, ತಣ್ಣೀರಲ್ಲೇ ತೆಗೀಬೇಕಾದ ಕಲೆ ಯಾವುದು?"

ಯಜಮಾನರು ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದರು. "ಮೇಡಂ, ಈ ಮಗು ಮುಂದೆ..."

"ಹೇಳಿ ಮಾಮ," ಎಂದಳು ಹುಡುಗಿ.

"ಎಣ್ಣೆಗೆ ಜಿಡ್ಡು ಹೋಗುತ್ತಮ್ಮ. ರಕ್ತ ಹೋಗಲ್ಲ. ಅದಕ್ಕೆ ತಣ್ಣೀರೇ ಬೇಕು. ಬಿಸಿ ತಾಗಿದ್ರೆ ಕಚ್ಕೊಂಡ್ಬಿಡುತ್ತೆ."

ಹೊರಗೆ ಗಾಳಿ ಬೀದಿಯ ಕಾಗದಗಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಹುಡುಗಿ ಅಳಲಿಲ್ಲ. ಬೆಂಚಿನ ಅಂಚು ಹಿಡಿದಿದ್ದ ಬೆರಳುಗಳು ಮಾತ್ರ ಬಿಳಿಚಿಕೊಂಡವು.

ಅತ್ತೆ ಕೋಟಿನ ಕಾಲರಿಗೆ ಪಿನ್ನು ಹಾಕಿದ್ದ ಹಳದಿ ಬಟ್ಟೆಚೂರು ಎತ್ತಿ ನೋಡಿದಳು. ಅದರ ಮೇಲೆ ಮಾಸದ ಶಾಯಿಯಲ್ಲಿ ಬಿಲ್ಲಿನಂಥ ಒಂದು ಗೀಟು, ಅದಕ್ಕೆ ಅಡ್ಡ ಒಂದು ಕಡ್ಡಿ.

"ಮೇಷ್ಟ್ರ ಗುರುತು," ಎಂದರು ಯಜಮಾನರು. "ಅಕ್ಕ ಹೆಸರು ಬರೆಯಲ್ಲ, ಗುರುತು ಬರೀತಾಳೆ. ಗುರುತಿಲ್ಲದ ಬಟ್ಟೆ ನೀರಿಗಾಗಲಿ ಎಣ್ಣೆಗಾಗಲಿ ಇಳೀಬಾರದು, ನಮ್ಮಪ್ಪನ ಕಾಲದ ಕಟ್ಟಳೆ. ಯಾರು ತಂದ್ರೋ ಅವರ ಗುರುತು. ಗಂಡನ ಅಂಗಿ ಹೆಂಡ್ತಿ ತಂದ್ರೆ ಹೆಂಡ್ತಿ ಗುರುತು. ನಾಳೆ ಬಂದು ಕೇಳೋರು ಅವರೇ ತಾನೆ?"

"ಹ್ಞೂಂ," ಎಂದಳು ಅತ್ತೆ. ಆ ಹ್ಞೂಂಕಾರ ನನಗೆ ಗೊತ್ತು. ಬೆಕ್ಕು ಬಿಲದ ಮುಂದೆ ಕೂರುವಾಗ ಹಾಗೇ ಗಂಟಲೊಳಗೆ ಏನೋ ಅನ್ನುತ್ತದೆ.

ಅವಳು ಕೋಟನ್ನೆತ್ತಿ ತನ್ನ ಹೆಗಲಿಗೆ ಒತ್ತಿ ಹಿಡಿದು, ತೋಳನ್ನು ಕೈಯುದ್ದಕ್ಕೂ ಇಳಿಬಿಟ್ಟು ನೋಡಿದಳು. ಏನೋ ಹೇಳಹೊರಟವಳು ಕೋಟನ್ನು ಮತ್ತೆ ಕೌಂಟರಿನ ಮೇಲಿಟ್ಟಳು. ಹುಡುಗಿ ಎದ್ದು ಹತ್ತಿರ ಬಂದಿದ್ದಳು.

"ಅಪ್ಪ ಸಿಗ್ತಾರಾ ಅತ್ತೆ?" ನನ್ನ ಬಾಯಲ್ಲಿ ಕೇಳಿ ಅವಳೂ ಅತ್ತೆ ಅನ್ನುವುದನ್ನು ಕಲಿತಿದ್ದಳು.

ಅತ್ತೆ ಯಾರಿಗೂ ಮಾತು ಕೊಡುವವಳಲ್ಲ. ಮಾತು ಕೊಟ್ಟವರು ಕಣ್ಣು ಮುಚ್ಚಿಕೊಂಡು ಹುಡುಕುತ್ತಾರೆ ಎನ್ನುವುದು ಅವಳ ವಾದ. ಅವತ್ತು ಆ ಹುಡುಗಿಯ ಮುಖ ನೋಡಿ ಹೇಳಿಬಿಟ್ಟಳು: "ಈ ಕೋಟನ್ನ ನಿಮ್ಮಪ್ಪನ ಹೆಗಲ ಮೇಲೆ ನನ್ನ ಕೈಯಾರೆ ಹಾಕ್ತೀನಿ ಮಗಳೇ. ಹಾಕೋ ತನಕ ಬಿಡಲ್ಲ."

ಬಾಗಿಲ ಗಂಟೆ ಕಿಣಿಕಿಣಿ ಎಂದಿತು.

ಒಳಬಂದವರು ಬಾಗಿಲನ್ನೇ ತುಂಬಿಬಿಟ್ಟರು. ಮೇಷ್ಟ್ರು ನುಡಿಸುತ್ತಿದ್ದ ವಾದ್ಯಗೋಷ್ಠಿಯ ಮುಖ್ಯಸ್ಥರು. ಗೇಣುದ್ದದ ಕೋಲಿನಿಂದ ಅಷ್ಟು ವಾದ್ಯಗಳನ್ನು ಕುಣಿಸುವವರಾದ್ದರಿಂದ ಎಲ್ಲರ ಬಾಯಲ್ಲೂ 'ಕೋಲು ಸಾಹೇಬರು'. ಬೀದಿಯಲ್ಲಿ ಜನ ಕಿವಿಗೆ ಶಾಲು ಸುತ್ತಿಕೊಂಡು ಓಡಾಡುತ್ತಿದ್ದರೆ ಇವರು ಬರಿಯ ಅಂಗಿಯಲ್ಲಿದ್ದರು.

"ಗಾಬರಿ ಬೇಡ, ಸುಮ್ಮನೆ ವಿಚಾರಿಸೋಕೆ ಮಾತ್ರ ಬಂದೆ," ಎಂದು ಹುಡುಗಿಯ ತಲೆ ಸವರಿದರು. "ಊಟ ಮಾಡಿದೆಯಾ ಮಗಳೇ? ನಿನ್ನೆ ನಾನು ತಂದ ಹಣ್ಣು ಹಾಗೇ ಇಟ್ಟಿದ್ದೆ ನೀನು."

"ದಿನಾ ಮನೆಗೆ ಬಂದು ಧೈರ್ಯ ಹೇಳ್ತಾರೆ," ಎಂದು ಹುಡುಗಿ ನನಗೆ ಮೆಲ್ಲಗೆ ಹೇಳಿದಳು. ಕಣ್ಣಲ್ಲಿ ಕೃತಜ್ಞತೆ ಇತ್ತು.

"ಇದೇನಾ ಕೋಟು?" ಸಾಹೇಬರ ಕಣ್ಣು ಕೌಂಟರಿನ ಮೇಲಿತ್ತು. "ಛೆ ಛೆ. ನಮ್ಮ ಗೋಷ್ಠಿಯವರಿಗೆಲ್ಲ ಒಂದೇ ಥಾನಿನಲ್ಲಿ, ಒಬ್ಬನೇ ದರ್ಜಿ ಹತ್ತಿರ ಹೊಲಿಸಿದ್ದು. ಕಾರ್ಯಕ್ರಮ ಮುಗಿದ ಮೇಲೆ ಗೂಟದ ಸಾಲು ನೋಡಿದ್ರೆ ಯಾರದು ಯಾವುದು ಅಂತ ನನಗೇ ತಿಳಿಯಲ್ಲ."

"ನಿಮ್ಮದೆಲ್ಲಿ ಸಾಹೇಬರೇ? ಈ ಚಳಿಗೆ?" ಎಂದಳು ಅತ್ತೆ.

"ದರ್ಜಿಗೆ ಕೊಟ್ಟಿದೀನಿ. ಸ್ವಲ್ಪ ಬಿಗಿಯಾಗಿತ್ತು." ನಕ್ಕರು. ತುಂಬ ಹಿತವಾದ ನಗು. "ನಮ್ಮ ಗೋಷ್ಠಿಗೆ ಯಾರ ಕಣ್ಣು ಬಿತ್ತೋ. ಇವರು ಹೀಗೆ, ಕೊಳಲಿನವನು ನೋಡಿದ್ರೆ ಹೇಳದೆ ಕೇಳದೆ ಊರಲ್ಲಿರೋ ತನ್ನ ಅಕ್ಕನ ಮನೆಗೆ ಹೋಗಿ ಕೂತಿದಾನೆ. ಇರಲಿ. ನೀವು ಒಪ್ಪಿದ್ರೆ ಕೋಟು ಮಾತ್ರ ನಾನು ತಗೊಂಡು ಹೋಗ್ತೀನಿ. ಪೊಲೀಸರಿಗೆ ನಾನೇ ಮುಟ್ಟಿಸ್ತೀನಿ. ಈ ಮಗುವಿಗೆ ಆ ಅಲೆದಾಟ ಯಾಕೆ?"

"ಮೈಯೆಲ್ಲ ಮುದುರಿದೆ. ಒಂದು ಇಸ್ತ್ರಿ ಹಾಕಿಸ್ತೀನಿ. ಆಮೇಲೆ ಬನ್ನಿ."

ಸಾಹೇಬರ ಕೈ ಕೌಂಟರಿನವರೆಗೆ ಬಂದು ನಿಂತಿತು. "ಆಯ್ತು. ಅಂಗಡಿ ಮುಚ್ಚೋಕೆ ಮುಂಚೆ ಬರ್ತೀನಿ," ಎಂದು ಹೊರಟರು.

"ಎಷ್ಟು ಒಳ್ಳೆಯವರಲ್ವಾ ಅತ್ತೆ?" ಎಂದೆ.

"ವಿಚಾರಿಸೋಕೆ ಮಾತ್ರ, ಕೋಟು ಮಾತ್ರ," ಎಂದು ಅತ್ತೆ ಬೆರಳು ಮಡಿಸಿದಳು. "ಯಾಕೆ ಬಂದ್ರಿ ಅಂತ ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಮೊದಲೇ ಬೇಲಿ ಹಾಕೋರನ್ನ ಕಂಡ್ರೆ ನನಗೆ ಬೇಲಿ ಹಾರೋ ಆಸೆ. ನಡಿ, ಮೊದಲು ಹತ್ತಿರದ ಬೇಲಿ ಹಾರೋಣ."

ಹತ್ತಿರದ ಬೇಲಿ ಕೌಂಟರಿನ ಹಿಂದಿನ ಬಾಗಿಲ ಮೇಲಿತ್ತು. 'ಸಿಬ್ಬಂದಿಗೆ ಮಾತ್ರ' ಎಂಬ ಬೋರ್ಡು.

ಬಾಗಿಲು ಹಳೆಯದು. ಕೆಳಗಿನ ಬಣ್ಣ ಕಂಡಕಂಡವರ ಕಾಲು ಒದ್ದು ಒದ್ದು ಸವೆದಿತ್ತು. ಹಿಡಿಯ ಸುತ್ತ ನೂರು ಕೈಗಳ ಜಿಡ್ಡು. ಬೋರ್ಡಿನ ಸ್ಕ್ರೂಗಳು ಮಾತ್ರ ಹೊಸ ಮದುಮಗಳ ಮೂಗುಬೊಟ್ಟಿನ ಹಾಗೆ ಮಿನುಗುತ್ತಿದ್ದವು.

"ಇದು ಯಾವಾಗ ಬಂತು ಯಜಮಾನ್ರೇ?"

"ಈಗ, ಈ ವಾರ. ಅಕ್ಕನೇ ಹಠ ಮಾಡಿದ್ಲು. ಜನ ಬಿಸಿನೀರು ಕೇಳ್ಕೊಂಡು, ಚಳಿ ಕಾಯಿಸ್ಕೊಳ್ಳೋಕೆ ಒಳಗೆ ನುಗ್ತಾರೆ, ಕಾಲಿಗೆ ಕಾಲು ಅಡ್ಡ ಅಂತ. ಇಷ್ಟು ವರ್ಷ ಇಲ್ಲದ್ದು! ನಾನೂ ಸರಿ ಅಂತ ಹೊಡೆದೆ."

ಅತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅಜ್ಜಿ ನನ್ನ ಅಜ್ಜಿ ಆಗುವ ಮೊದಲು ಅವಳ ಅಮ್ಮ. ಆ ಕಥೆ ಅವಳಿಗೂ ಗೊತ್ತು.

"ಅರಸನ ನಿಲುವಂಗಿ ಕೊನೆಗೆ ಏನಾಯ್ತತ್ತೆ?" ಎಂದು ಪಿಸುಗುಟ್ಟಿದೆ.

"ನಾನೂ ನಿದ್ದೆ ಹೋಗ್ತಿದ್ದೆ ಕಣೇ," ಎಂದಳು. "ನೀವಿಬ್ಬರೂ ಇಲ್ಲೇ ಇರಿ," ಎಂದು ಹುಡುಗಿಗೂ ಯಜಮಾನರಿಗೂ ಹೇಳಿ ಕೋಟು ತೋಳ ಮೇಲೆ ಹಾಕಿಕೊಂಡು, ನನ್ನನ್ನು ಎಳೆದುಕೊಂಡು ಒಳಗೆ ಹೋದಳು.

ಒಳಗೆ ಆವಿ. ಬಾಯ್ಲರ್ ಒಂದು ಮೂಲೆಯಲ್ಲಿ ಗೊರಗೊರ ಅನ್ನುತ್ತಿತ್ತು. ಅದರ ಪಕ್ಕದಿಂದ ಮರದ ಏಣಿಮೆಟ್ಟಿಲು ಕಂಬಳಿ ಇಡುವ ಅಟ್ಟಕ್ಕೆ ಹೋಗಿತ್ತು. ಉದ್ದನೆಯ ಮೇಜಿನ ಹಿಂದೆ ಇಸ್ತ್ರಿ ಅಕ್ಕ. ಗಟ್ಟಿಮುಟ್ಟು ತೋಳು, ಬೆವರಿಗೆ ಅಂಟಿದ ಕೂದಲು, ಅತ್ತು ಬಾಡಿದ ಕಣ್ಣು. ನಮ್ಮನ್ನು ಕಂಡದ್ದೇ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ರಾಶಿಯ ಕೆಳಗೆ ತಳ್ಳಿದಳು.

"ಇಲ್ಲಿ ಬರೋ ಹಾಗಿಲ್ಲಮ್ಮ. ಬೋರ್ಡು ನೋಡಲಿಲ್ವಾ?"

"ನೋಡಿದೆ ಅಕ್ಕಾ. ನೋಡಿದ್ದಕ್ಕೇ ಬಂದೆ."

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ಯಾವುದೋ ದಿಂಬಿನ ಚೀಲದ ಮೇಲೆ ಒತ್ತತೊಡಗಿದಳು. ಅದಾಗಲೇ ಗರಿಗರಿಯಾಗಿತ್ತು.

"ಕೋಟಿನ ವಿಷಯ ಹೇಳಿ ಆಗಿದೆ. ಓದೋಕೆ ಬರಲ್ಲ. ತಪ್ಪಾಯ್ತು. ನಾಳೆಯಿಂದ ನಾನು ಇರಲ್ಲ. ಇನ್ನೇನು ಬೇಕು?"

"ಓದೋಕೆ ಬರಲ್ಲ ಸರಿ. ಇಷ್ಟು ವರ್ಷದಲ್ಲಿ ಇಂಥ ಎಷ್ಟು ಕೋಟು ಕೈ ಮೇಲೆ ಹೋಗಿವೆ? ಒಂದಾದ್ರೂ ನೀರಿಗೆ ಹೋಯ್ತಾ?"

"ಈ ಸಲ ಹೋಯ್ತು."

"ಡ್ರಮ್ಮಿಗೆ ಹಾಕಿದ್ರಾ?"

"ಹೂಂ."

"ಡ್ರಮ್ಮಿನ ನೀರು ಈಗ ತಣ್ಣಗಿರುತ್ತಾ ಅಕ್ಕಾ?"

ಇಸ್ತ್ರಿ ಪೆಟ್ಟಿಗೆ ನಿಂತಿತು. ಸುಟ್ಟ ವಾಸನೆ ಬರುವ ಮೊದಲೇ ಅಕ್ಕ ಅದನ್ನೆತ್ತಿ ಪಕ್ಕಕ್ಕಿಟ್ಟಳು. ಅಂಥ ಹೊತ್ತಿನಲ್ಲೂ ಬಟ್ಟೆ ಸುಡಲು ಬಿಡಲಿಲ್ಲ.

ಅತ್ತೆ ಸ್ಟೂಲು ಎಳೆದು ಕೂತಳು. ದನಿ ಮೆತ್ತಗಾಯಿತು.

"ನೀವು ಆ ಕೋಟನ್ನ ಕದ್ದು ಒಗೆದ್ರಿ. ಯಾರಿಗೂ ತಿಳೀಬಾರದು ಅಂತ ಬಕೆಟ್ಟಿನಲ್ಲಿ, ತಣ್ಣೀರಲ್ಲಿ. ಆದ್ರೂ ಅದಕ್ಕೆ ಗುರುತು ಹಾಕಿದ್ರಿ! ಮೇಷ್ಟ್ರ ಗುರುತು. ಅದೊಂದು ಇಲ್ಲದೇ ಇದ್ದಿದ್ರೆ ಯಜಮಾನರಿಗೆ ಅದು ಯಾರದೋ ಹಾಳಾದ ಕೋಟು ಆಗ್ತಿತ್ತು. ನಾವ್ಯಾರೂ ಇಲ್ಲಿಗೆ ಬರ್ತಾನೇ ಇರಲಿಲ್ಲ."

ಅಕ್ಕ ತನ್ನ ಎರಡೂ ಕೈ ಮುಂದೆ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡಿದಳು.

"ಕೈ... ಕೈಗೆ ಬೇರೆ ಗೊತ್ತಿಲ್ಲಮ್ಮ. ಗುರುತಿಲ್ಲದೆ ನೀರಿಗೆ ಹಾಕೋಕೆ ಅದಕ್ಕೆ ಬರಲ್ಲ. ಯಾವಾಗ ಹಾಕಿದೆ ಅಂತ ನನಗೂ ನೆನಪಿಲ್ಲ."

"ಯಾರು ತಂದ್ರೋ ಅವರ ಗುರುತು. ಅಂದ್ರೆ ಮೇಷ್ಟ್ರು ಈ ಕೋಟು ತಗೊಂಡು ಕಾಲಲ್ಲಿ ನಡೆದು ಇಲ್ಲಿಗೆ ಬಂದಿದ್ರು. ಆಮೇಲೆ ಬೋರ್ಡು ಬಂತು." ಅತ್ತೆ ರಾಶಿಯ ಕೆಳಗಿನಿಂದ ಆ ಬಿಳಿ ಬಟ್ಟೆಯನ್ನು ಎಳೆದಳು. ಕರವಸ್ತ್ರ. ಮುಕ್ಕೋ­ನವಾಗಿ ಮಡಿಸಿ, ಗಂಜಿ ಹಾಕದೆ, ಮಗುವಿನ ಬಟ್ಟೆಯ ಹಾಗೆ ಮೆತ್ತಗೆ ಇಸ್ತ್ರಿ ಮಾಡಿದ್ದು. ಒಂದು ಬದಿಯಲ್ಲಿ ಎಷ್ಟು ತೊಳೆದರೂ ಹೋಗದ, ಬಿಲ್ಲಿನಂತೆ ಬಾಗಿದ ಕಂದು ಬಣ್ಣದ ಕಲೆ.

ಬರುವ ದಾರಿಯಲ್ಲಿ ಹುಡುಗಿ ಹೇಳಿದ್ದಳು: ಅಪ್ಪ ಗದ್ದದ ಕೆಳಗೆ ಕರವಸ್ತ್ರ ಮುಕ್ಕೋನವಾಗಿ ಮಡಿಸಿ ಇಟ್ಟುಕೊಳ್ಳದೆ ಪಿಟೀಲು ಮುಟ್ಟುವುದಿಲ್ಲ.

"ಸತ್ತವರ ಕರವಸ್ತ್ರ ದಿನಾ ಯಾರೂ ಇಸ್ತ್ರಿ ಮಾಡಲ್ಲ ಅಕ್ಕಾ," ಎಂದಳು ಅತ್ತೆ.

ಅಕ್ಕ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಆಮೇಲೆ ಒಂದೇ ಉಸಿರಿಗೆ ಎಲ್ಲ ಹೊರಬಂತು.

"ಎದುರು ಮನೆ ಮಹಡೀಲಿ ಅವರ ಪಾಠ. ಆ ಸ್ವರ ಕೇಳ್ಕೊಂಡೇ ಇಷ್ಟು ವರ್ಷ ಇಸ್ತ್ರಿ ಹಾಕಿದೀನಿ. ಸ್ವರ ನಿಂತ್ರೆ ಕೈ ನಿಲ್ಲುತ್ತೆ. ಆವತ್ತು ಬೆಳಗ್ಗೆ ಬಾಯ್ಲರ್ ಹಚ್ಚೋಕೆ ಬಂದಾಗ ಹಿಂದಿನ ಬಾಗಿಲಲ್ಲಿ ಕೂತಿದ್ರು. ಕೋಟು ತೋಳ ಮೇಲೆ. ಮೈ ಕೆಂಡದ ಹಾಗೆ ಸುಡ್ತಿತ್ತು. ಕೋಟಿನ ಕೈ ಅಂಚೆಲ್ಲ... ನಿಮಗೆ ಗೊತ್ತಲ್ಲ. ಅವರ ಮೈ ತಡವಿ ನೋಡಿದೆ, ಒಂದು ಗೀರೂ ಇಲ್ಲ."

"ಹಾಗಾದ್ರೆ ಬೇರೆಯವರ ರಕ್ತ ಅಂದ್ಕೊಂಡ್ರಿ."

"ಇನ್ನೇನಂದ್ಕೊಳ್ಳಲಿ? ಇರುವೆ ಕಂಡ್ರೆ ಸುತ್ತು ಹಾಕಿ ನಡೆಯೋ ಮನುಷ್ಯ. ಯಾವ ಗಳಿಗೇಲಿ ಏನಾಗಿಹೋಯ್ತೋ ಅಂತ ಹೊಟ್ಟೆ ಉರೀತು. ಅವರು ಜ್ವರದಲ್ಲಿ ಬಿದ್ದಿದ್ರು. ಅವರನ್ನ ಕೇಳಲಿಲ್ಲ. ನಾನೇ ಒಗೆದೆ. ನಾನು ಪೆದ್ದಿ, ಓದೋಕೆ ಬರಲ್ಲ ಅಂದ್ರೆ ಜನ ನಂಬ್ತಾರೆ. ನನ್ನ ಕೆಲಸ ಹೋದ್ರೆ ಹೋಗಲಿ, ಅವರು ಉಳಿಯಲಿ."

ಅತ್ತೆ ಕರವಸ್ತ್ರವನ್ನು ಅಕ್ಕನ ಕೈಗೆ ವಾಪಸು ಕೊಟ್ಟಳು.

"ಮಗಳಿಗೆ ಯಾಕೆ ಹೇಳಲಿಲ್ಲ?" ಎಂದು ನಾನೇ ಕೇಳಿಬಿಟ್ಟೆ.

"ಪ್ರಜ್ಞೆ ತಪ್ಪೋ ಮುಂಚೆ ಅವರಂದಿದ್ದು ಅದೊಂದೇ ಮಾತಮ್ಮ. ಮಗಳಿಗೆ ಮಾತ್ರ ಹೇಳಬೇಡ."

ಹಿಂದೆ ಬಾಗಿಲು ಕಿರ್ರೆಂದಿತು. ಹುಡುಗಿ ನಿಂತಿದ್ದಳು. ಅವಳ ಬೆನ್ನಿಗೆ ಯಜಮಾನರು, ಕಿವಿಯ ಪೆನ್ಸಿಲು ಕೈಗೆ ಬಂದಿತ್ತು.

"ನನಗೆ ಮಾತ್ರ?" ಎಂದಳು. "ನಾನು ದಿನಾ ಅವರ ತಟ್ಟೆ ಹಾಕಿ ಕಾದಿದೀನಿ. ನನಗೆ ಮಾತ್ರ ಹೇಳಬೇಡ ಅಂದ್ರಾ?"

ಅತ್ತೆ ಎದ್ದು ಅವಳ ಕೈ ಹಿಡಿದುಕೊಂಡಳು. "ಆ ಮಾತಿಗೆ ಎರಡು ಕಡೆ ಇದೆ ಮಗಳೇ. ಹೊರಗೆ ನಿಂತೋರಿಗೆ ಅದು ಮುಚ್ಚಿದ ಬಾಗಿಲು. ಒಳಗಿರೋರು ಯಾಕೆ ಹಾಕ್ಕೊಂಡ್ರು ಅಂತ ಒಳಗೆ ಹೋಗಿ ಕೇಳಬೇಕು. ಅರಮನೆ ತುಂಬ ಬಟ್ಟೆ ಇದ್ರೂ ಅರಸ ಜೋಪಾನ ಮಾಡಿದ್ದು ಒಂದನ್ನೇ. ಅಕ್ಕಾ, ನಾವು ಸಿಬ್ಬಂದಿ ಅಲ್ಲ. ನೀವು ಕರೆದ್ರೆ ಬರ್ತೀವಿ."

ಅಕ್ಕ ಕಣ್ಣೊರೆಸಿಕೊಂಡು ಏಣಿಮೆಟ್ಟಿಲಿನ ಕಡೆ ತಿರುಗಿದಳು. "ಬನ್ನಿ. ತಲೆ ಜೋಪಾನ, ತೊಲೆ ತಗ್ಗಿದೆ."

ಯಜಮಾನರು ತೊಲೆಗೆ ಹಣೆ ಬಡಿದುಕೊಂಡೇ ಬಂದರು. "ನನ್ನ ಅಂಗಡೀಲಿ, ನನ್ನ ತಲೆ ಮೇಲೆ, ನನಗೇ ಗೊತ್ತಿಲ್ಲದೆ," ಎಂದು ಗೊಣಗಿದರು. ಮತ್ತೆ ತಾವೇ, "ಅಲ್ಲಕ್ಕಾ, ನನಗೆ ಹೇಳಿದ್ರೆ ಕಂಬಳಿ ಇನ್ನೊಂದು ಕೊಡ್ತಿರಲಿಲ್ವಾ?" ಎಂದರು.

ಅಟ್ಟದಲ್ಲಿ ಬಾಯ್ಲರಿನ ಕಾವು ಬೆಚ್ಚಗೆ ಹಬ್ಬಿತ್ತು. ಕಂಬಳಿಗಳ ಗುಡ್ಡೆಗೆ ಒರಗಿ, ಗಡ್ಡ ಬೆಳೆದ, ಬೆಳ್ಳಗಾದ ಸಣಕಲು ಮನುಷ್ಯನೊಬ್ಬ ಕೂತಿದ್ದ. ಎಡಗೈ ಬೆರಳುಗಳು ಬಲ ಮುಂಗೈಯ ಮೇಲೆ ತಮ್ಮಷ್ಟಕ್ಕೆ ಕುಣಿಯುತ್ತಿದ್ದವು, ಅಲ್ಲಿ ತಂತಿಗಳಿವೆಯೇನೋ ಎಂಬಂತೆ.

"ಅಪ್ಪಾ!"

ನಾನು ಸೂರಿನ ಕಡೆ ನೋಡಿದೆ. ಅಪ್ಪ ಮಗಳ ನಡುವಿನ ಅಂಥ ಗಳಿಗೆಯನ್ನು ನೋಡಬಾರದು, ಕೇಳಿಸಿಕೊಂಡರೆ ಸಾಕು. ಬೈಗುಳ ಇತ್ತು, ಬಿಕ್ಕು ಇತ್ತು, "ಗಡ್ಡ ಚುಚ್ಚುತ್ತೆ" ಎಂಬ ಮಾತೂ ಇತ್ತು.

"ನಿನ್ನ ಮುಖದಲ್ಲಿ ಏನೂ ನಿಲ್ಲಲ್ಲ ಮಗಳೇ," ಎನ್ನುತ್ತಿದ್ದರು ಮೇಷ್ಟ್ರು, ಒಣಗಿದ ದನಿಯಲ್ಲಿ. "ಗಾಜಿನ ಹಾಗೆ. ನೋಡಿದವರಿಗೆ ಒಳಗಿದ್ದದ್ದೆಲ್ಲ ಕಾಣುತ್ತೆ."

"ಯಾರು ನೋಡ್ತಾರೆ ಅಪ್ಪಾ ನನ್ನ ಮುಖ?"

ಮೇಷ್ಟ್ರು ಕುಡಿಯಲು ನೀರು ಕೇಳಿದರು.

"ಜ್ವರ ಬಿಟ್ಟ ಮೇಲಾದ್ರೂ ಅಕ್ಕನಿಗೆ ವಿಷಯ ಹೇಳಬಹುದಿತ್ತಲ್ಲ ಮೇಷ್ಟ್ರೇ?" ಎಂದಳು ಅತ್ತೆ.

ಅವರು ಇಸ್ತ್ರಿ ಅಕ್ಕನ ಕಡೆ ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ. ಮಗು ಪ್ರೀತಿಯಿಂದ ಗಿಡಕ್ಕೆ ಬಿಸಿನೀರು ಹೊಯ್ದರೆ ದೊಡ್ಡವರು ನೋಡುತ್ತಾರಲ್ಲ, ಹಾಗಿತ್ತು.

"ಎದ್ದು ಕೂರೋ ಹೊತ್ತಿಗೆ ಒಗೆದಾಗಿತ್ತು. ತೋರಿಸೋಕೆ ನನ್ನ ಹತ್ತಿರ ಇದ್ದದ್ದು ಆ ಕಲೆ ಒಂದೇ. ನನಗೋಸ್ಕರ ಒಗೆದಿದ್ಲು ಪಾಪ. ಕೈ ಬಿರಿಯೋ ಹಾಗೆ ಉಜ್ಜಿದ್ಲು. ಏನಂತ ಹೇಳಲಿ?"

ಅಕ್ಕ ಏನೂ ಅರ್ಥವಾಗದೆ ನಿಂತಳು. ನನಗೂ ಆಗಲಿಲ್ಲ. ಅತ್ತೆಗೆ ಆಗಿತ್ತು. ಅವಳು ಕೋಟಿನ ಉಜ್ಜಿದ ಅಂಚನ್ನು ಮತ್ತೊಮ್ಮೆ ಹಿಡಿದು ನೋಡಿದಳು.

ಆಗ ಕೆಳಗೆ ಬಾಗಿಲ ಗಂಟೆ ಕಿಣಿಕಿಣಿ ಎಂದಿತು.

"ಯಾರಿದ್ದೀರಿ ಒಳಗೆ?" ಹಿತವಾದ ದನಿ ಮೆಟ್ಟಿಲೇರಿ ಬಂತು. "ಕೋಟು ತಗೊಂಡು ಹೋಗೋಕೆ ಮಾತ್ರ ಬಂದೆ."

ಮೇಷ್ಟ್ರ ಬೆರಳುಗಳು ನಿಂತವು. ಮಗಳು ಅಪ್ಪನ ಮುಖ ನೋಡಿದಳು. ಆ ಮುಖವೂ ಗಾಜಿನದೇ ಆಗಿತ್ತು. ಹುಡುಗಿಯ ಕಣ್ಣಲ್ಲಿ ವಾರದಿಂದ ಇದ್ದ ಕೃತಜ್ಞತೆ ಮೆಲ್ಲಗೆ ಇಳಿದುಹೋದದ್ದನ್ನು ನಾನು ಕಂಡೆ.

"ಬಂದೆ ಸಾಹೇಬರೇ!" ಎಂದು ಅತ್ತೆ ಕೆಳಕ್ಕೆ ಕೂಗಿದಳು. "ಒಂದು ಸಣ್ಣ ಕೆಲಸ ಬಾಕಿ ಇದೆ." ಮತ್ತೆ ನಮ್ಮ ಕಡೆ ತಿರುಗಿ ಪಿಸುದನಿಯಲ್ಲಿ, "ಮೇಷ್ಟ್ರೇ, ಎದ್ದು ನಿಲ್ಲಿ. ನಿಮ್ಮ ಮಗಳಿಗೆ ಮಾತು ಕೊಟ್ಟಿದೀನಿ."

ಮೇಷ್ಟ್ರು ಮಗಳ ಭುಜ ಹಿಡಿದು ಎದ್ದರು. ಅತ್ತೆ ಕೋಟು ಬಿಡಿಸಿದಳು. ಒಂದು ತೋಳು ಹಾಕಿದಳು, ಇನ್ನೊಂದು ಹಾಕಿದಳು, ಹೆಗಲ ಮೇಲೆ ಕೂರಿಸಿ, ಕಾಲರು ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದಳು.

ಉಣ್ಣೆ ನೀರು ಕಂಡರೆ ಎಷ್ಟು ಕುಗ್ಗುತ್ತದೆ ಎಂದು ಆ ಅಟ್ಟದಲ್ಲಿ ಚೆನ್ನಾಗಿ ಬಲ್ಲವಳು ಅಕ್ಕ. ಅವಳ ಕೈ ಮೆಲ್ಲಗೆ ಬಾಯಿಗೆ ಹೋಯಿತು.

ಅಷ್ಟು ಕುಗ್ಗಿದ ಮೇಲೂ ಕೋಟು ಮೇಷ್ಟ್ರ ಹೆಗಲಿನಿಂದ ಎರಡೂ ಕಡೆ ಜೋತುಬಿದ್ದಿತ್ತು. ತೋಳುಗಳು ಕೆಳಗಿಳಿದಿದ್ದವು, ಇಳಿಯುತ್ತಲೇ ಹೋಗಿದ್ದವು. ಪಿಟೀಲು ನುಡಿಸುವ ಆ ಬೆರಳುಗಳ ತುದಿ ಕೂಡ ಕಾಣುತ್ತಿರಲಿಲ್ಲ.